ಶಾಂತಿಯನ್ನು ಎಲ್ಲಿ ನಿಂತು ಅಳೆಯಬೇಕು?

(ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ರೈತ ಕಾರ್ಯಕರ್ತರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಆತ್ಮೀಯರೇ,

ಶಾಂತಿಯನ್ನು ಅಳೆಯುವುದು ಈಚಿನ ವಿಶ್ವವಿದ್ಯಾಲಯಗಳು ಕಂಡುಕೊಂಡ ಹೊಸ ಹವ್ಯಾಸವೆಂದು ಭಾವಿಸುವವರಿದ್ದಾರೆ. ನಮ್ಮ ಮೂರೂ ಜಿಲ್ಲೆಗಳ ಬಂಡೆಗಳ ಮೇಲೆ ತನ್ನ ಮಾತನ್ನು ಕೊರೆಸಿದ ಅರಸನೊಬ್ಬ 2,200 ವರ್ಷಗಳಿಗೂ ಹಿಂದೆ ಆ ಕೆಲಸಕ್ಕೆ ಕೈ ಹಾಕಿದ್ದ. ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳಂ, ಇಷ್ಟೂ ಕಡೆ ಅಶೋಕನ ಶಾಸನಗಳಿವೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯಲ್ಲಿ ಗುರುತಿಸಿದ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೂ ಸಿಕ್ಕಿದ್ದರಿಂದಲೇ ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆ ಬಗೆಹರಿಯಿತು. ನಮ್ಮ ಭಾಗದ ಈ ಶಾಸನಗಳಲ್ಲಿ ಕಳಿಂಗ ಯುದ್ಧದ ಪ್ರಸ್ತಾಪವಿಲ್ಲ. ಅದು ಇರುವುದು ಬೇರೆಡೆಯ ಹದಿಮೂರನೆಯ ಬಂಡೆಶಾಸನದಲ್ಲಿ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಹಲವು ಪಟ್ಟು ಜನ ಆಮೇಲೆ ಸತ್ತರು ಎಂದು ಅದು ಲೆಕ್ಕ ಕೊಡುತ್ತದೆ.

ಗೆದ್ದ ಅರಸರು ಸತ್ತವರ ಸಂಖ್ಯೆಯನ್ನು ಕೊಚ್ಚಿಕೊಳ್ಳುವುದು ಹೊಸದೇನಲ್ಲ. ನನಗೆ ಮುಖ್ಯವಾಗಿ ಕಾಣುವುದು ಆ ಶಾಸನದ ಮುಂದಿನ ಭಾಗ. ಯುದ್ಧದಲ್ಲಿ ತಮಗೆ ನೇರವಾಗಿ ಯಾವ ಪೆಟ್ಟೂ ಬೀಳದವರು ಸಹ ತಮ್ಮ ಸ್ನೇಹಿತರು, ಪರಿಚಿತರು, ಬಂಧುಗಳು ಪಟ್ಟ ಪಾಡಿನಿಂದ ನೊಂದರು, ಹೀಗಾಗಿ ಅದು ಅವರಿಗೂ ಆದ ಹಾನಿಯೇ ಎಂದು ಅಲ್ಲಿ ಹೇಳಲಾಗಿದೆ. ಹಿಂಸೆಯು ಅದನ್ನು ಉಂಡವನ ದೇಹದಲ್ಲಿ ಮುಗಿಯುವುದಿಲ್ಲ, ಸಂಬಂಧಗಳ ದಾರಿ ಹಿಡಿದು ಸಾಗುತ್ತದೆ ಎಂಬ ಈ ತಿಳಿವಳಿಕೆಯೇ ಇಂದು ವ್ಯವಸ್ಥಾ ಚಿಂತನೆ ಎಂದು ಕರೆಯಲಾಗುವ ವಿಧಾನದ ತಿರುಳು. ಬಿಡಿ ಘಟನೆಗಳನ್ನು ಎಣಿಸುವ ಬದಲು ಅವುಗಳನ್ನು ಪರಸ್ಪರ ಕಟ್ಟಿಹಾಕಿರುವ ಸಂಬಂಧಗಳು, ಒಂದು ಕ್ರಿಯೆಯ ಪರಿಣಾಮ ಸುತ್ತಿ ಬಂದು ಮೂಲ ಕ್ರಿಯೆಯನ್ನೇ ಬದಲಿಸುವ ಬಗೆ, ಕಾರಣಕ್ಕೂ ಫಲಕ್ಕೂ ನಡುವಿನ ವಿಳಂಬ, ಇವುಗಳನ್ನು ನೋಡುವುದು ಅದರ ಕ್ರಮ. ಜೀವಶಾಸ್ತ್ರದಲ್ಲಿ ಲುಡ್ವಿಗ್ ಫಾನ್ ಬರ್ಟಲನ್ಫಿ, ಎಂಜಿನಿಯರಿಂಗ್ ಮತ್ತು ಉದ್ಯಮಾಡಳಿತದ ಕಡೆಯಿಂದ ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ ಮೊದಲಾದವರು ಕಳೆದ ಶತಮಾನದ ಮಧ್ಯಭಾಗದಲ್ಲಿ ಇದಕ್ಕೆ ಶಾಸ್ತ್ರದ ರೂಪ ಕೊಟ್ಟರು.

ಶಾಂತಿಯ ಅಧ್ಯಯನಕ್ಕೆ ಇದು ಏಕೆ ಬೇಕಾಯಿತು? ನಾರ್ವೆಯ ಯೊಹಾನ್ ಗಾಲ್ಟುಂಗ್ 1964ರಲ್ಲಿ ಎರಡು ಬಗೆಯ ಶಾಂತಿಯನ್ನು ಬೇರ್ಪಡಿಸಿ ನೋಡಿದರು. ಹೊಡೆದಾಟ, ಯುದ್ಧಗಳು ಇಲ್ಲದಿರುವುದು ಒಂದು, ಅದು ನೇತ್ಯಾತ್ಮಕ ಶಾಂತಿ. ಜನರು ಸಹಕರಿಸಿ ಬದುಕುವಂತೆ ಸಮಾಜ ಕಟ್ಟಿಕೊಂಡಿರುವುದು ಇನ್ನೊಂದು, ಅದು ಇತ್ಯಾತ್ಮಕ ಶಾಂತಿ. 1969ರಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋಗಿ, ಯಾರೊಬ್ಬರೂ ಕೈ ಎತ್ತದಿದ್ದರೂ ಸಮಾಜದ ರಚನೆಯೇ ಎಸಗುವ ಹಿಂಸೆಯನ್ನು ಹೆಸರಿಸಿದರು. ಅವರು ಕೊಟ್ಟ ಉದಾಹರಣೆ ಸರಳವಾಗಿದೆ. ಹದಿನೆಂಟನೆಯ ಶತಮಾನದಲ್ಲಿ ಒಬ್ಬ ಕ್ಷಯದಿಂದ ಸತ್ತರೆ ಅದನ್ನು ಹಿಂಸೆ ಎನ್ನಲಾಗದು, ಏಕೆಂದರೆ ಅಂದು ಅದಕ್ಕೆ ಮದ್ದೇ ಇರಲಿಲ್ಲ. ಮದ್ದು ಲೋಕದಲ್ಲೆಲ್ಲ ದೊರೆಯುವ ಕಾಲದಲ್ಲಿ ಅದೇ ಕ್ಷಯದಿಂದ ಒಬ್ಬ ಸತ್ತರೆ ಅದು ಹಿಂಸೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಿಂದ ‘ಮುಂದೆ ಒಯ್ಯಿರಿ’ ಎಂದು ಕಳಿಸಲ್ಪಟ್ಟ ಬಾಣಂತಿಯ ಕುಟುಂಬಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡನೆಯ ಬಗೆಯ ಶಾಂತಿಯನ್ನು ಅಳೆಯಲು ಹೊರಟವರಲ್ಲಿ ಇಂದು ಹೆಚ್ಚು ಹೆಸರು ಪಡೆದಿರುವುದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಅರ್ಥಶಾಸ್ತ್ರ ಮತ್ತು ಶಾಂತಿ ಸಂಸ್ಥೆ. ಸಾಫ್ಟ್‌ವೇರ್ ಉದ್ಯಮಿ ಸ್ಟೀವ್ ಕಿಲ್ಲೆಲಿಯಾ ಕಟ್ಟಿದ ಈ ಸಂಸ್ಥೆಯ ಜಾಗತಿಕ ಶಾಂತಿ ಸೂಚ್ಯಂಕ 2007ರಿಂದ ಪ್ರಕಟವಾಗುತ್ತಿದೆ. 163 ದೇಶಗಳನ್ನು 23 ಸೂಚಕಗಳಿಂದ ಅಳೆದು ಅದು ಸ್ಥಾನ ಕೊಡುತ್ತದೆ. 2008ರಿಂದ ಮೊದಲ ಸ್ಥಾನ ಐಸ್‌ಲ್ಯಾಂಡಿನದು. 2024ರ ಪಟ್ಟಿಯಲ್ಲಿ ಭಾರತ 116ನೆಯದು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಇಷ್ಟೇ. ಅದೇ ಸಂಸ್ಥೆ ಇತ್ಯಾತ್ಮಕ ಶಾಂತಿಗೆ ಬೇರೊಂದು ಸೂಚ್ಯಂಕವನ್ನೂ ರೂಪಿಸಿದೆ. ಸಮರ್ಥ ಸರ್ಕಾರ, ವ್ಯವಹಾರಕ್ಕೆ ಅನುಕೂಲವಾದ ವಾತಾವರಣ, ಸಂಪನ್ಮೂಲಗಳ ನ್ಯಾಯವಾದ ಹಂಚಿಕೆ, ಇತರರ ಹಕ್ಕುಗಳಿಗೆ ಮನ್ನಣೆ, ನೆರೆಹೊರೆಯೊಂದಿಗೆ ಸೌಹಾರ್ದ, ಮಾಹಿತಿಯ ಮುಕ್ತ ಹರಿವು, ಶಿಕ್ಷಣ ಮತ್ತು ಆರೋಗ್ಯದಿಂದ ಬಲಗೊಂಡ ಜನ, ಕಡಿಮೆ ಭ್ರಷ್ಟಾಚಾರ ಎಂಬ ಎಂಟು ಕಂಬಗಳನ್ನು ಗುರುತಿಸಿ, 24 ಸೂಚಕಗಳಿಂದ ಅವುಗಳನ್ನು ಅಳೆಯುತ್ತದೆ. ಈ ಕಂಬಗಳು ಬಿಡಿಬಿಡಿಯಾಗಿ ನಿಂತಿಲ್ಲ, ಒಂದನ್ನೊಂದು ಎಳೆಯುತ್ತವೆ, ಆದ್ದರಿಂದ ಇದು ಒಂದು ವ್ಯವಸ್ಥೆ ಎಂದು ಅದರ ವರದಿಗಳು ಮತ್ತೆ ಮತ್ತೆ ಹೇಳುತ್ತವೆ.

ಆ ಮಾತನ್ನು ಒಪ್ಪುತ್ತೇನೆ. ಆದರೆ ಕೊನೆಗೆ ಅಂಕಿ ಕೊಡುವ ಗಳಿಗೆಯಲ್ಲಿ ಆ ಮಾತು ಕೈಬಿಟ್ಟುಹೋಗುತ್ತದೆ ಎಂಬುದು ನನ್ನ ತಕರಾರು. ಎಂಟೂ ಕಂಬಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆದಾಗ, ಒಂದು ಕಂಬ ಇನ್ನೊಂದನ್ನು ಹೇಗೆ ಎಳೆಯುತ್ತಿದೆ ಎಂಬ ಮಾಹಿತಿಯೇ ಅಳಿಸಿಹೋಗಿ ಒಂದು ಸ್ಥಾನಸಂಖ್ಯೆ ಮಾತ್ರ ಉಳಿಯುತ್ತದೆ. ಇಡೀ ದೇಶಕ್ಕೆ ಒಂದು ಸಂಖ್ಯೆ ಎಂದಾಗ ಲಿಂಗಸುಗೂರಿಗೂ ಮಂಗಳೂರಿಗೂ ಅದೇ ಸಂಖ್ಯೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟು: ಶಾಂತಿಯ ಅಳತೆಯನ್ನು ಸರಾಸರಿಯಲ್ಲಿ ಹುಡುಕಬಾರದು, ಎರಡು ಬಿಂದುಗಳ ನಡುವಿನ ವ್ಯತ್ಯಾಸದಲ್ಲಿ ಮತ್ತು ಆ ವ್ಯತ್ಯಾಸ ಕಾಲ ಕಳೆದಂತೆ ಯಾವ ಕಡೆಗೆ ಹೊರಳುತ್ತಿದೆ ಎಂಬುದರಲ್ಲಿ ಹುಡುಕಬೇಕು. ಇದಕ್ಕೆ ಆಧಾರ ಹುಡುಕಿಕೊಂಡು ನಾನು ಸಿಡ್ನಿಗೆ ಹೋಗಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸಾಕು.

ಮುನಿರಾಬಾದಿನಲ್ಲಿ ಆರಂಭವಾಗಿ 227 ಕಿಲೋಮೀಟರ್ ಹರಿಯುವ ಈ ಕಾಲುವೆಯನ್ನು ರೂಪಿಸಿದವರ ಉದ್ದೇಶ ಬರದಿಂದ ರಕ್ಷಣೆ. ಹೆಚ್ಚು ಜಮೀನಿಗೆ ತೆಳುವಾಗಿ ನೀರು ಹಂಚಿ, ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನು ಉಳಿಸಬೇಕು. ಭತ್ತ ಮತ್ತು ಕಬ್ಬಿಗೆ ಮಿತವಾದ ಪ್ರದೇಶ ಮಾತ್ರ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಾಗದದ ಮೇಲೆ ನಿಗದಿಯೂ ಆಗಿತ್ತು. ಆದರೆ ನೀರು ಮೊದಲು ಮುಟ್ಟಿದ ಗಂಗಾವತಿ, ಸಿಂಧನೂರಿನ ಕಡೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತ ಹಾಕಿದರು, ಅವರನ್ನು ನೋಡಿ ಊರಿನ ರೈತರೂ ಹಾಕಿದರು. ಭತ್ತದಿಂದ ಕೈಗೆ ಹಣ ಬಂತು, ಹಣದಿಂದ ರೈಸ್ ಮಿಲ್ಲುಗಳು ಬಂದವು, ಮಿಲ್ಲುಗಳ ಹಿಂದೆ ಗೊಬ್ಬರದ ಅಂಗಡಿ, ದಲ್ಲಾಳಿಯ ಮುಂಗಡ, ಜಮೀನಿನ ಬೆಲೆ, ಇವೆಲ್ಲವೂ ಬೆಳೆದವು, ಆ ಸಂಪತ್ತಿನ ಬೆನ್ನಿಗೆ ರಾಜಕೀಯದ ಬಲವೂ ಬಂತು. ರಾಜಕೀಯದ ಬಲ ಬಂದ ಮೇಲೆ, ನಿಯಮ ಮೀರಿ ಹಾಕಿದ ಭತ್ತಕ್ಕೆ ನೀರು ನಿಲ್ಲಿಸುವ ಧೈರ್ಯ ಯಾವ ಎಂಜಿನಿಯರಿಗೂ ಉಳಿಯಲಿಲ್ಲ. ನೀರು ಸಿಗುತ್ತದೆಂಬ ಭರವಸೆ ಗಟ್ಟಿಯಾದಷ್ಟೂ ಭತ್ತದ ಪ್ರದೇಶ ಇನ್ನೂ ಹಿಗ್ಗಿತು. ಇಲ್ಲಿ ಯಾರನ್ನೂ ಖಳನಾಯಕನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಪ್ರತಿಯೊಬ್ಬ ರೈತನೂ ತನ್ನ ಜಾಗದಲ್ಲಿ ನಿಂತು ತನಗೆ ಸರಿ ಕಂಡದ್ದನ್ನೇ ಮಾಡಿದ್ದಾನೆ, ಆದರೂ ಎಲ್ಲರೂ ಸೇರಿ ಉಂಟುಮಾಡಿದ ಫಲವನ್ನು ಯಾರೂ ಬಯಸಿರಲಿಲ್ಲ. ಹೀಗೆ ತನ್ನ ಫಲದಿಂದ ತಾನೇ ಬಲಗೊಳ್ಳುತ್ತ ಹೋಗುವುದನ್ನು ವ್ಯವಸ್ಥಾ ಚಿಂತನೆಯಲ್ಲಿ ಬಲವರ್ಧಕ ಸುತ್ತು ಎನ್ನುತ್ತಾರೆ.

ಈ ಸುತ್ತಿನ ಇನ್ನೊಂದು ತುದಿ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಲ್ಲಿದೆ. ಅಣೆಕಟ್ಟೆ ತುಂಬಿದ ಸುದ್ದಿ ಬಂದಾಗ ಸಂಭ್ರಮಪಡುವ ಕೆಳಭಾಗದ ರೈತರಿಗೆ ನೀರಿನ ಕೊರತೆ ಗೊತ್ತಾಗುವುದು ಬೆಳೆ ಕಾಳು ಕಟ್ಟುವ ಹೊತ್ತಿಗೆ. ಮೇಲ್ಭಾಗದಲ್ಲಿ ನಾಟಿ ಮಾಡುವ ನಿರ್ಧಾರಕ್ಕೂ ಕೆಳಭಾಗದಲ್ಲಿ ಬೆಳೆ ಒಣಗುವುದಕ್ಕೂ ನಡುವೆ ಹಲವು ವಾರಗಳ ಅಂತರವಿರುವುದರಿಂದ, ಒಣಗಿದ ಬೆಳೆಗೆ ಕಾರಣವಾದ ನಿರ್ಧಾರವನ್ನು ಆಗ ಯಾರೂ ಹಿಂದಕ್ಕೆ ಪಡೆಯಲಾರರು. ಉಳಿಯುವುದು ರಸ್ತೆ ತಡೆ, ನೀರಾವರಿ ಕಚೇರಿಗೆ ಮುತ್ತಿಗೆ, ರಾತ್ರಿ ಗೇಟು ಎತ್ತುವ ಗುಂಪುಗಳು, ತೂಬಿನ ಬಳಿ ಕಾವಲು. ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಜಾರಿ ಮಾಡಿದ ವರ್ಷಗಳೂ ಇವೆ. ನೀರು ಬಿಟ್ಟ ಮೇಲೆ ನಿಷೇಧಾಜ್ಞೆ ತೆರವಾಗುತ್ತದೆ, ‘ಪರಿಸ್ಥಿತಿ ಶಾಂತವಾಗಿದೆ’ ಎಂದು ವರದಿಯಾಗುತ್ತದೆ.

ಈ ವಾಕ್ಯವನ್ನು ನಾನು ನಂಬುವುದಿಲ್ಲ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಅದು ಈಗ ಸುಮಾರು 105ಕ್ಕೆ ಇಳಿದಿದೆ. ಮಳೆಗಾಲದಲ್ಲಿ ದಂಡೆಯ ಮೇಲೆ ನಿಂತು ನೋಡುವವನಿಗೆ ಕೆರೆ ಅಂದಿನಷ್ಟೇ ತುಂಬಿದಂತೆ ಕಾಣುತ್ತದೆ, ಹೂಳಿನ ಲೆಕ್ಕ ಸಿಗುವುದು ಬೇಸಿಗೆಯಲ್ಲಿ. ಜನರ ಅಸಮಾಧಾನವೂ ಹಾಗೆಯೇ ಸಂಗ್ರಹವಾಗುವಂಥದ್ದು; ವರ್ಷವರ್ಷ ಹರಿದು ಬಂದದ್ದರಲ್ಲಿ ಸ್ವಲ್ಪ ಹೊರಹೋಗಿ ಸ್ವಲ್ಪ ತಳದಲ್ಲಿ ಉಳಿಯುತ್ತದೆ, ಮತ್ತು ನಿಷೇಧಾಜ್ಞೆ ತೆರವಾದ ದಿನ ಅದು ಖಾಲಿಯಾಗುವುದಿಲ್ಲ. ಗಲಾಟೆಗಳ ಸಂಖ್ಯೆ ಹರಿವಿನ ಅಳತೆ ಮಾತ್ರ. ಹರಿವನ್ನು ಎಷ್ಟು ನಿಖರವಾಗಿ ಎಣಿಸಿದರೂ ಸಂಗ್ರಹ ಎಷ್ಟಿದೆ ಎಂಬುದು ತಿಳಿಯದು.

ಕಾಲುವೆಯ ಜನರ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಅಳತೆ ಆಗಲೇ ಇದೆ. ಕಾಲುವೆಯ ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ ಎಂದು ಕೆಳಭಾಗದ ರೈತರು ದಿನವೂ ಫೋನ್ ಮಾಡಿ ಕೇಳುತ್ತಾರೆ. ಈ ಎರಡು ಗೇಜುಗಳ ಸರಾಸರಿಯನ್ನು ಯಾವ ರೈತನೂ ಕೇಳುವುದಿಲ್ಲ. ಮೇಲೆ ಇರಬೇಕಾದಷ್ಟು ಇದ್ದು ಕೆಳಗೆ ಇಲ್ಲವೆಂದರೆ ನಡುವೆ ಎಲ್ಲೋ ಏನೋ ನಡೆಯುತ್ತಿದೆ ಎಂದು ಅವನಿಗೆ ಗೊತ್ತು. ಆ ಅಂತರ ಎಷ್ಟು ದಿನಗಳಿಂದ ಹಾಗೆಯೇ ಇದೆ ಎಂಬುದರ ಮೇಲೆ ಅವನು ಕಚೇರಿಗೆ ಹೋಗಬೇಕೋ, ಸಂಘದ ಸಭೆ ಕರೆಯಬೇಕೋ, ಟ್ರ್ಯಾಕ್ಟರ್ ಹತ್ತಿ ಹೆದ್ದಾರಿಗೆ ಹೋಗಬೇಕೋ ಎಂದು ನಿರ್ಧರಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಇದು ಶಾಂತಿಯ ಸೂಚಕ, ಅದೂ ಗಲಾಟೆಗೆ ಮುಂಚೆಯೇ ಸಿಗುವಂಥದ್ದು.

ಒಬ್ಬರನ್ನೊಬ್ಬರು ನೋಡಿ ಬಿಗಿಯಾಗುವ ಎರಡು ಪಕ್ಷಗಳ ಲೆಕ್ಕವನ್ನು ಮೊದಲು ಸಮೀಕರಣದಲ್ಲಿ ಬರೆದವರು ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್. ಯುದ್ಧವಿರೋಧಿಗಳಾದ ಕ್ವೇಕರ್ ಪಂಥದವರಾಗಿದ್ದ ಅವರು ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ ಫ್ರಾನ್ಸಿನಲ್ಲಿ ಗಾಯಾಳುಗಳ ಆಂಬುಲೆನ್ಸ್ ಓಡಿಸಿದರು. ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ ಕೆಲಸ ಬಿಟ್ಟರು. ಅವರ ಪ್ರಕಾರ ಒಂದು ದೇಶ ಶಸ್ತ್ರ ಹೆಚ್ಚಿಸುವ ವೇಗವನ್ನು ನಿರ್ಧರಿಸುವುದು ಮೂರು ಸಂಗತಿಗಳು: ಎದುರಾಳಿಯ ಶಸ್ತ್ರದ ಭಯ, ತನ್ನದೇ ವೆಚ್ಚದ ದಣಿವು, ಹಳೆಯ ಮುನಿಸು. ಭಯ ದಣಿವನ್ನು ಮೀರಿದರೆ ಏರಿಕೆಗೆ ಕೊನೆಯಿಲ್ಲ. ಶಸ್ತ್ರದ ಜಾಗದಲ್ಲಿ ಕಾಲುವೆಗೆ ಇಳಿಸಿದ ಪಂಪ್‌ಸೆಟ್ಟುಗಳನ್ನು ಇಟ್ಟು ನೋಡಿ. ಪಕ್ಕದ ಊರಿನವರು ಹತ್ತು ಎಚ್‌ಪಿ ಮೋಟರ್ ಇಟ್ಟರೆ ನಾವು ಹದಿನೈದು ಇಡಬೇಕು. ಕರೆಂಟು, ಪೈಪು, ಸಾಲದ ಹೊರೆಯಿಂದ ದಣಿದರೆ ನಿಲ್ಲುತ್ತೇವೆ. ಆದರೆ ‘ಅವತ್ತು ನಮ್ಮ ಬೆಳೆ ಒಣಗಿಸಿದ್ರಲ್ಲ’ ಎಂಬ ಮುನಿಸಿಗೆ ದಣಿವಿಲ್ಲ.

ರಿಚರ್ಡ್‌ಸನ್ನರ ಇನ್ನೊಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಗಡಿಗಳ ಉದ್ದಕ್ಕೂ ಯುದ್ಧಗಳಿಗೂ ಸಂಬಂಧವಿದೆಯೇ ಎಂದು ನೋಡಲು ಹೊರಟ ಅವರಿಗೆ ಒಂದೇ ಗಡಿಗೆ ಎರಡು ದೇಶಗಳು ಬೇರೆ ಬೇರೆ ಉದ್ದ ದಾಖಲಿಸಿದ್ದು ಕಂಡುಬಂತು. ಅಳತೆಕೋಲು ಚಿಕ್ಕದಾದಷ್ಟೂ ಅಂಕುಡೊಂಕುಗಳೆಲ್ಲ ಲೆಕ್ಕಕ್ಕೆ ಬಂದು ಗಡಿಯ ಉದ್ದ ಹೆಚ್ಚುತ್ತದೆ. ಗಣಿತಜ್ಞ ಮ್ಯಾಂಡೆಲ್‌ಬ್ರೋ ಇದನ್ನು 1967ರಲ್ಲಿ ಎತ್ತಿಕೊಂಡು ಹೊಸ ರೇಖಾಗಣಿತಕ್ಕೇ ದಾರಿ ಮಾಡಿದರು. ಹಿಂಸೆಯ ವಿಷಯದಲ್ಲೂ ಇದೇ ನಿಜ. ದೇಶದ ಮಟ್ಟದ ಕೋಲಿಗೆ ಸಿಗದದ್ದು ತಾಲ್ಲೂಕಿನ ಕೋಲಿಗೆ ಸಿಗುತ್ತದೆ, ತಾಲ್ಲೂಕಿಗೆ ಸಿಗದದ್ದು ಓಣಿಯ ಕೋಲಿಗೆ.

ಓಣಿಯ ಕೋಲು ಎಂದಾಗ ನನಗೆ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ ನೆನಪಾಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿಹೋಯಿತೆಂದು, ಗುಡಿಯ ಶುದ್ಧೀಕರಣಕ್ಕಾಗಿ ತಂದೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೂಪಾಯಿ ದಂಡ ಹಾಕಿದ ಘಟನೆ ಅದು. ಸುದ್ದಿ ಹೊರಬಿದ್ದ ಮೇಲೆ ಅಧಿಕಾರಿಗಳು ಹೋದರು, ಬಂಧನಗಳೂ ಆದವು. ಆದರೆ ಊರಿನಲ್ಲಿ ಬಾಳಬೇಕಾದ ಆ ಕುಟುಂಬ ತಾನಾಗಿ ದೂರು ಕೊಡಲು ಮುಂದೆ ಬರಲಿಲ್ಲ. ಸುದ್ದಿಯಾಗದೆ ಹೋಗಿದ್ದರೆ ಆ ವರ್ಷದ ಅಂಕಿ ಅಂಶಗಳಲ್ಲಿ ಮಿಯಾಪುರದ ಲೆಕ್ಕ ಸೊನ್ನೆ ಇರುತ್ತಿತ್ತು. ಆ ಸೊನ್ನೆಯನ್ನು ಶಾಂತಿ ಎಂದು ಓದುವ ಸೂಚ್ಯಂಕವು ದಂಡ ಹಾಕಿದವರ ಪರವಾಗಿ ಸಾಕ್ಷಿ ನುಡಿಯುತ್ತದೆ.

ದಾಖಲಾದ ಅಪರಾಧಗಳ ವಿಚಾರದಲ್ಲೂ ಎಚ್ಚರ ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುತ್ತದೆ. ದೊಂಬಿಯಲ್ಲಿ ಕೊಲೆಯಾದರೆ ಅದು ಕೊಲೆಯ ಖಾನೆಗೆ ಹೋಗುತ್ತದೆ. ಪ್ರಕರಣಗಳ ದಾಖಲಾತಿ ಹೆಚ್ಚಿದ್ದನ್ನು ಅಪರಾಧವೇ ಹೆಚ್ಚಿತೆಂದು ಓದಬಾರದು ಎಂದು ಬ್ಯೂರೋ ಸ್ವತಃ ಎಚ್ಚರಿಸುತ್ತದೆ. ದೂರು ಕೊಡಬಹುದೆಂಬ ಧೈರ್ಯ ಬಂದ ಊರಿನಲ್ಲಿ ಅಂಕಿ ಏರುತ್ತದೆ. ಇದಕ್ಕೆ ಇನ್ನೊಂದು ಮುಖವೂ ಉಂಟು: ಠಾಣಾಧಿಕಾರಿಯ ಕಾರ್ಯದಕ್ಷತೆಯನ್ನು ಪ್ರಕರಣಗಳ ಇಳಿಕೆಯಿಂದ ಅಳೆಯಲು ಹೊರಟರೆ, ‘ಊರಾಗ ಬಗೆಹರಿಸ್ಕೊಳ್ರಿ’ ಎಂದು ದೂರುದಾರರನ್ನು ಹಿಂದಕ್ಕೆ ಕಳಿಸುವುದೇ ಇಳಿಕೆಯ ಸುಲಭ ದಾರಿಯಾಗುತ್ತದೆ. ಅಳತೆ ಎಂಬುದು ಹೊರಗೆ ನಿಂತು ನೋಡುವ ವಸ್ತುವಲ್ಲ, ಅದೂ ವ್ಯವಸ್ಥೆಯೊಳಗಿನ ಒಂದು ಭಾಗ. ಕರ್ನಾಟಕದ ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಸೂಚ್ಯಂಕ ಒಳ್ಳೆಯ ಅರ್ಥದಲ್ಲಿ ಹೀಗೆ ಕೆಲಸ ಮಾಡಿತು. 2002ರ ಆ ವರದಿ 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ನಮ್ಮ ಭಾಗದ ಹೋರಾಟಗಾರರ ಕೈಗೆ ಆ ಅಂಕಿ ಒಂದು ವಾದವಾಗಿ ದೊರೆಯಿತು, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಬೇಡಿಕೆಗೆ ಬಲ ತುಂಬಿತು. ಅಳತೆಯ ಘಟಕ ತಾಲ್ಲೂಕಿನಷ್ಟು ಚಿಕ್ಕದಾಗಿದ್ದರಿಂದಲೇ ಅದು ಸಾಧ್ಯವಾಯಿತು.

ಜನರನ್ನೇ ಕೇಳಿ ಸೂಚಕಗಳನ್ನು ಕಟ್ಟುವ ಪ್ರಯತ್ನವೂ ನಡೆದಿದೆ. ಪಮಿನಾ ಫಿರ್ಚೊ ಮತ್ತು ರೋಜರ್ ಮ್ಯಾಕ್ ಗಿಂಟಿ ಎಂಬ ಸಂಶೋಧಕರು 2012ರ ಸುಮಾರಿಗೆ ಆಫ್ರಿಕಾದ ಕೆಲವು ದೇಶಗಳ ಹಳ್ಳಿಗಳಲ್ಲಿ ಇದನ್ನು ಆರಂಭಿಸಿದರು. ‘ನಿಮ್ಮ ಊರು ನೆಮ್ಮದಿಯಾಗಿದೆ ಎಂದು ನಿಮಗೆ ಯಾವುದರಿಂದ ಗೊತ್ತಾಗುತ್ತದೆ?’ ಎಂಬ ಅವರ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ರಾತ್ರಿ ನಾಯಿಗಳ ಬೊಗಳಿಕೆಯೂ ಇತ್ತು. ನಾಯಿ ಬೊಗಳಿದರೆ ಅಪರಿಚಿತರು ಊರು ಹೊಕ್ಕಿದ್ದಾರೆ ಎಂದರ್ಥ.

ಇದೇ ಪ್ರಶ್ನೆಯನ್ನು ನಮ್ಮ ಕಡೆ ಕೇಳಿದರೆ ಏನು ಉತ್ತರ ಬರಬಹುದು? ಊರಿನ ಚಹಾದಂಗಡಿಯಲ್ಲಿ ಎಲ್ಲರಿಗೂ ಒಂದೇ ಲೋಟವೇ, ಕ್ಷೌರದಂಗಡಿಯ ಕುರ್ಚಿ ಎಲ್ಲರಿಗೂ ಸಿಗುತ್ತದೆಯೇ, ಪಕ್ಕದ ಪಟ್ಟಣದ ಕಾಲೇಜಿಗೆ ಹೋಗುವ ಹುಡುಗಿಯನ್ನು ಸಂಜೆಯ ಕೊನೆಯ ಬಸ್ಸಿಗೆ ಮನೆಯವರು ನಂಬಿ ಬಿಡುತ್ತಾರೆಯೇ, ಗುಳೆ ಹೋಗುವ ಕುಟುಂಬಗಳು ಯಾವ ತಿಂಗಳಲ್ಲಿ ಊರು ಬಿಡುತ್ತವೆ. ಈ ಕೊನೆಯದು ನನಗೆ ಬಹಳ ಮುಖ್ಯ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಗೋವಾಕ್ಕೋ ಹೋಗುವ ಕುಟುಂಬಕ್ಕೂ, ಸುಗ್ಗಿಗೆ ಮುಂಚೆಯೇ ಬೆಳೆ ಬಿಟ್ಟು ಹೋಗುವ ಕುಟುಂಬಕ್ಕೂ ವ್ಯತ್ಯಾಸವಿದೆ. ಎರಡನೆಯದು ತೂಬಿನ ಬಳಿ ಜಗಳವಾಡುವ ಬದಲು ಸೋಲೊಪ್ಪಿ ಹೊರಟ ಕುಟುಂಬ. ಅದು ಹೊರಟುಹೋದ್ದರಿಂದ ಊರಿನಲ್ಲಿ ಒಂದು ಜಗಳ ಕಡಿಮೆಯಾಗುತ್ತದೆ.

ಮೊಹರಮ್ಮಿನ ಅಲಾಯಿ ಹಬ್ಬವನ್ನು ಸೌಹಾರ್ದದ ಸೂಚಕವಾಗಿ ಸೇರಿಸಬೇಕೆಂದು ಹಲವರು ಹೇಳುತ್ತಾರೆ. ಮುದಗಲ್ಲಿನ ಮೊಹರಮ್ಮಿಗೆ ಬರುವ ಜನಸಾಗರವನ್ನು, ಮುಸ್ಲಿಂ ಮನೆಯೇ ಇಲ್ಲದ ಊರುಗಳಲ್ಲೂ ಪೀರಲ ದೇವರು ಕೂರುವುದನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಹಬ್ಬದ ಪಟ್ಟಿ (ವಂತಿಗೆ) ಯಾರ್ಯಾರ ಮನೆಯಿಂದ ಎತ್ತುತ್ತಾರೆ, ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ತೆಗೆಯುವವರು ಯಾರು, ಈ ವಿವರಗಳು ಹತ್ತು ವರ್ಷಗಳಲ್ಲಿ ಬದಲಾಗಿದ್ದರೆ ಅದು ನಿಜಕ್ಕೂ ದೊಡ್ಡ ಸೂಚನೆ. ಆದರೆ ಅಲಾಯಿ ಕುಣಿಯ ಸುತ್ತ ಎಲ್ಲರೂ ಕೂಡಿ ಕುಣಿಯುವ ಊರಿನಲ್ಲೇ ದಲಿತರಿಗೆ ಗುಡಿಯ ಪ್ರವೇಶ ಇಲ್ಲದಿರಬಹುದು. ಒಂದು ಗೆರೆಯುದ್ದಕ್ಕೂ ಬೆಸೆದ ಊರು ಇನ್ನೊಂದು ಗೆರೆಯಲ್ಲಿ ಸೀಳಿರುತ್ತದೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಅಂಕಿ ಆ ಊರಿನ ಯಾರ ಅನುಭವವೂ ಅಲ್ಲ.

ಬಳ್ಳಾರಿಯ ಗಣಿಗಾರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳ ಮೇಲೆ ಹಣ ಮತ್ತು ಕೆಂಧೂಳು ಒಟ್ಟಿಗೇ ಓಡಾಡಿದವು. ಲೋಕಾಯುಕ್ತ ವರದಿಯ ನಂತರ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಒಳಗಿನ ಯಾವ ತಡೆಯೂ ಕೆಲಸ ಮಾಡದಿದ್ದಾಗ ಹೊರಗಿನಿಂದ ಬಿದ್ದ ಬ್ರೇಕು ಅದು. ಅದು ಅಗತ್ಯವಿತ್ತು, ಆದರೆ ಅದರ ಹೊಡೆತ ಸಾಲ ಮಾಡಿ ಲಾರಿ ಕೊಂಡವನ ಮೇಲೂ ಬಿತ್ತು. ಹತ್ತಿರದ ಸಣ್ಣ ತಡೆಗಳು ಸತ್ತ ಸಮಾಜವು ದೂರದ ದೊಡ್ಡ ತಡೆಗೆ ಕಾಯಬೇಕಾಗುತ್ತದೆ.

ಹಾಗಾದರೆ ತಡೆಗಳು ಗಟ್ಟಿಯಾಗಿ ಬಾಳುವುದೂ ಉಂಟೇ? ಉಂಟು, ಉದಾಹರಣೆ ನಮ್ಮ ಅಣೆಕಟ್ಟೆಯೇ. 1944ರಲ್ಲಿ ಒಪ್ಪಂದ ಮಾಡಿಕೊಂಡದ್ದು ನಿಜಾಮರ ಹೈದರಾಬಾದ್ ಮತ್ತು ಬ್ರಿಟಿಷರ ಮದ್ರಾಸ್. 1945ರ ಫೆಬ್ರುವರಿಯಲ್ಲಿ ನದಿಯ ಎರಡೂ ದಂಡೆಗಳಲ್ಲಿ ಎರಡು ಬೇರೆ ಅಡಿಗಲ್ಲುಗಳು. ಕೆಲಸದ ನಡುವೆಯೇ ಬ್ರಿಟಿಷರು ಹೋದರು, ರಾಯಚೂರು ಕೊಪ್ಪಳದ ಹಳ್ಳಿಗಳು ರಜಾಕಾರರ ಹಾವಳಿ ಕಂಡವು, 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು. ಒಪ್ಪಂದ ಮಾಡಿಕೊಂಡ ಎರಡು ಸರ್ಕಾರಗಳಲ್ಲಿ ಒಂದನ್ನು ಸೈನ್ಯ ಕಳಿಸಿ ಸೇರಿಸಿಕೊಂಡ ಮೇಲೂ ಅಣೆಕಟ್ಟೆ ಏಳುತ್ತಲೇ ಹೋಗಿ 1953ರಲ್ಲಿ ನೀರು ಹರಿಯಿತು. ಅದೇ ವರ್ಷ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಆಂಧ್ರ ರಾಜ್ಯ ಕಾಯಿದೆಯಡಿ ತುಂಗಭದ್ರಾ ಮಂಡಳಿಗೆ ದಾರಿಯಾಯಿತು. ರಾಜ್ಯಗಳ ನಡುವಿನ ತಕರಾರು ಇಂದಿಗೂ ಮುಗಿದಿಲ್ಲ. ಆದರೆ ಜಗಳವಾಡಲು ಒಂದು ಮೇಜು ಇದೆ, ಮೇಜಿನ ಮೇಲೆ ಎಲ್ಲರೂ ಒಪ್ಪುವ ಅಂಕಿಗಳಿವೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಒಂದು ವಾರದಲ್ಲಿ ತಾತ್ಕಾಲಿಕ ತಡೆ ಇಳಿಸಲು ಸಾಧ್ಯವಾದದ್ದು ಆ ಮೇಜಿನ ಬಲವನ್ನು ತೋರಿಸಿತು. ಎಪ್ಪತ್ತು ವರ್ಷ ಹಳೆಯ ಗೇಟುಗಳಿಗೆ ಬದಲಿ ವ್ಯವಸ್ಥೆ ಸಿದ್ಧವಿರಲಿಲ್ಲ ಎಂಬುದು ಅದರ ಮಿತಿಯನ್ನೂ ತೋರಿಸಿತು.

ಎಡದಂಡೆ ಕಾಲುವೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಅಂತಹ ಮೇಜು ಇದೆಯೇ? ನೀರಾವರಿ ಸಲಹಾ ಸಮಿತಿ ಇದೆ, ನೀರು ಬಳಕೆದಾರರ ಸಂಘಗಳಿವೆ. ಆದರೆ ಎಲ್ಲರೂ ಏಕಕಾಲಕ್ಕೆ ನೋಡಬಹುದಾದ, ಯಾರೂ ಅಲ್ಲಗಳೆಯದ ಅಂಕಿಗಳಿಲ್ಲ. ವ್ಯವಸ್ಥೆಯಲ್ಲಿ ಎಲ್ಲಿ ಕೈ ಹಾಕಿದರೆ ಹೆಚ್ಚು ಬದಲಾವಣೆಯಾಗುತ್ತದೆ ಎಂದು ಅಮೆರಿಕದ ವ್ಯವಸ್ಥಾ ಚಿಂತಕಿ ಡೊನೆಲ್ಲಾ ಮೆಡೋಸ್ 1999ರಲ್ಲಿ ಹನ್ನೆರಡು ತಾಣಗಳನ್ನು ಪಟ್ಟಿ ಮಾಡಿದ್ದರು. ಅನುದಾನ, ದರ, ಪ್ರಮಾಣಗಳನ್ನು ತುಸು ಹೆಚ್ಚು ಕಡಿಮೆ ಮಾಡುವುದು ಅದರಲ್ಲಿ ಕೊನೆಯ ಸ್ಥಾನದಲ್ಲಿದೆ. ಯಾರಿಗೆ ಯಾವ ಮಾಹಿತಿ ತಲುಪುತ್ತದೆ ಎಂಬುದನ್ನು ಬದಲಿಸುವುದು ಅದಕ್ಕಿಂತ ಬಹಳ ಮೇಲಿದೆ. ನಮ್ಮ ಚರ್ಚೆಗಳೆಲ್ಲ ಇನ್ನಷ್ಟು ಟಿಎಂಸಿ, ನವಲಿಯ ಉದ್ದೇಶಿತ ಸಮಾನಾಂತರ ಜಲಾಶಯ, ಇನ್ನಷ್ಟು ಕೋಟಿ ಎಂಬ ಕೊನೆಯ ಸ್ಥಾನಗಳಲ್ಲೇ ತಿರುಗುತ್ತಿವೆ. ಅವು ಬೇಡವೆಂದಲ್ಲ. ಆದರೆ ಇಂದಿನ ಸುತ್ತು ಹಾಗೆಯೇ ಇದ್ದರೆ, ಹೆಚ್ಚಿದ ನೀರು ಮೇಲ್ಭಾಗದ ಹೆಚ್ಚಿನ ಭತ್ತಕ್ಕೇ ಹೋಗುತ್ತದೆ, ಅಲ್ಲಿನ ಸವಳು ಜವಳು ಇನ್ನೂ ಹರಡುತ್ತದೆ.

ಉಪನ್ಯಾಸದ ಕೊನೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ರೈತ ಸಂಘಟನೆಯ ಹಿರಿಯರೊಬ್ಬರು, ‘ಸರ್, ನಿಮ್ಮ ಲೆಕ್ಕದಾಗ ನಮ್ಮ ಧರಣಿ ಶಾಂತಿಗೆ ಭಂಗ ಅಂತ ಬರ್ತದೇನು?’ ಎಂದರು. ಬರಬಾರದು ಎಂದೆ. ಕೆಳಭಾಗದ ಸ್ಥಿತಿಯನ್ನು ಮೇಲಕ್ಕೆ ತಲುಪಿಸುವ ದಾರಿಗಳಲ್ಲಿ ಧರಣಿಯೂ ಒಂದು. ಅದನ್ನು ಭಂಗವೆಂದು ಎಣಿಸಿದರೆ ಸೂಚನೆಯನ್ನೇ ರೋಗವೆಂದು ಬರೆದಂತಾಗುತ್ತದೆ. ಎಣಿಸಬೇಕಾದದ್ದು ಮೊದಲ ಅರ್ಜಿ ಕೊಟ್ಟ ದಿನದಿಂದ ಧರಣಿಯ ದಿನದವರೆಗೆ ಎಷ್ಟು ದಿನ ಕಳೆದವು ಮತ್ತು ಆ ಅವಧಿಯಲ್ಲಿ ಎಷ್ಟು ಕಚೇರಿಗಳ ಬಾಗಿಲು ತಟ್ಟಿದರು ಎಂಬುದು. ಆ ದಿನಗಳು ಮೊದಲಿಗಿಂತ ಕಡಿಮೆಯಾಗುತ್ತಿದ್ದರೆ ಎರಡು ಅರ್ಥ ಬರಬಹುದು: ಜನರ ತಾಳ್ಮೆ ತೀರಿದೆ, ಅಥವಾ ಧರಣಿ ಮಾಡಿದರೆ ಮಾತ್ರ ಕೆಲಸವಾಗುತ್ತದೆಂದು ಅವರು ಕಲಿತಿದ್ದಾರೆ. ಎರಡನೆಯದು ಸರ್ಕಾರವೇ ಕಲಿಸಿದ ಪಾಠ.

ವಿದ್ಯಾರ್ಥಿನಿಯೊಬ್ಬಳು, ಇದನ್ನೆಲ್ಲ ಯಾರು ಮಾಡಬೇಕು, ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದಳು. ಇಡೀ ಜಿಲ್ಲೆಗೆ ಸೂಚ್ಯಂಕ ಕಟ್ಟಲು ಹೋಗಬೇಡಿ ಎಂದೆ. ಒಂದೇ ಒಂದು ವಿತರಣಾ ಕಾಲುವೆಯನ್ನು ಆರಿಸಿಕೊಳ್ಳಿ. ಅದರ ತಲೆಯ ಮತ್ತು ಕೊನೆಯ ಗೇಜಿನ ದಿನದ ಅಂಕಿ ನೀರಾವರಿ ಉಪವಿಭಾಗದಲ್ಲಿದೆ. ಅದರ ಅಚ್ಚುಕಟ್ಟಿನ ಹಳ್ಳಿಗಳಿಂದ ಬಂದ ದೂರು ಮತ್ತು ಪ್ರಕರಣಗಳ ದಾಖಲೆ ಠಾಣೆಯಲ್ಲಿದೆ. ಯಾವ ತಿಂಗಳಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟು ತಂದೆ ತಾಯಿಯ ಜೊತೆ ಗುಳೆ ಹೋದರೆಂಬುದು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಮೂರು ಮುಂಗಾರುಗಳ ಈ ಮೂರು ದಾಖಲೆಗಳನ್ನು ಒಂದೇ ಹಾಳೆಯ ಮೇಲೆ, ವಾರದ ಕ್ರಮದಲ್ಲಿ ಬರೆದು, ಗೇಜಿನ ಅಂತರ ಹೆಚ್ಚಿದ ಎಷ್ಟು ವಾರಗಳ ನಂತರ ಉಳಿದ ಎರಡು ಕಲಮುಗಳು ಅಲುಗಾಡುತ್ತವೆ ಎಂದು ನೋಡಿ. ನಾಲ್ಕನೆಯ ಕಲಮು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಕೊನೆಯ ತೂಬಿನ ಊರಿನ ದಲಿತ ಕೇರಿಯಲ್ಲಿ, ಕೂಲಿಗೆ ಹೋಗುವ ಹೆಣ್ಣುಮಕ್ಕಳ ಜೊತೆ ಕುಳಿತು, ಆ ವಾರಗಳಲ್ಲಿ ಅವರ ಬದುಕಿನಲ್ಲಿ ಏನು ಬದಲಾಯಿತೆಂದು ಕೇಳಿ ಬರೆದುಕೊಳ್ಳಬೇಕು.